ಮಳೆಗಾಲದ ಹೊಳೆಯಲ್ಲಿ ಕಯಾಕ್: ಬಿದ್ದು ಎದ್ದು ಕಲಿತ ಎಂಟು ಪಾಠ

ಕೊಡಗಿನ ಘಟ್ಟದಲ್ಲಿ ಹುಟ್ಟುವ ಪಯಸ್ವಿನಿ ಸಂಪಾಜೆ, ಅರಂತೋಡು, ಸುಳ್ಯ ದಾಟಿ ನಮ್ಮ ಮಂಡೆಕೋಲಿನ ಆಸುಪಾಸಿನಲ್ಲಿ ಕೇರಳಕ್ಕೆ ಹೋಗುತ್ತದೆ. ಮುಂದೆ ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. 1989ರಲ್ಲಿ ಎಂಜಿನಿಯರ್ ಗಿರೀಶ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆಯನ್ನು ಅರಂಬೂರಿನಲ್ಲಿ ಕಟ್ಟಿದ್ದು ಇದೇ ಹೊಳೆಗೆ. ಸೇತುವೆಗಳಿಲ್ಲದ ಕಾಲದಲ್ಲಿ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರಿಗೆ ನೀರಿನ ಸೆಳೆತ, ಸುಳಿ, ಏರಿಳಿತ ಎಲ್ಲ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಸೇತುವೆ ಬಂತು, ಕಡವು ನಿಂತಿತು, ಆ ತಿಳಿವಳಿಕೆ ನಮ್ಮ ತಲೆಮಾರಿಗೆ ದಾಟಲಿಲ್ಲ. ಹೊಳೆಬದಿಯಲ್ಲೇ ಬೆಳೆದ ನನಗೆ ಹೊಳೆ ಗೊತ್ತಿಲ್ಲ ಎಂಬುದು ಕಯಾಕ್ ಎಂಬ ಪುಟ್ಟ ದೋಣಿ ನಡೆಸಲು ಕಲಿಯಹೋದ ಮೇಲೆ ಅರಿವಾಯಿತು.

ಕಲಿತದ್ದು ಹೆಚ್ಚಾಗಿ ಊರ ಹೊರಗೆ. ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿಯ ಕಡೆ ಚಾಲಿಪ್ಪುಳ, ಇರುವಂಞಿಪ್ಪುಳ ಎಂಬ ಹೊಳೆಗಳಿವೆ. 2013ರಲ್ಲಿ ಶುರುವಾದ ಮಲಬಾರ್ ರಿವರ್ ಫೆಸ್ಟಿವಲ್‌ನಿಂದಾಗಿ ಅವು ಕಯಾಕ್ ಲೋಕಕ್ಕೆ ಪರಿಚಿತ. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರಾಫ್ಟ್‌ನಲ್ಲಿ ಕುಳಿತು, ದಾಂಡೇಲಿಯ ಕಾಳಿಯಲ್ಲಿ ದಡದಲ್ಲಿ ನಿಂತು ನೋಡಿ ಕಲಿತದ್ದೂ ಉಂಟು. ಈಗಲೂ ಕಲಿಯುತ್ತಲೇ ಇದ್ದೇನೆ. ಇದನ್ನು ಓದಿ ಯಾರೂ ಒಬ್ಬರೇ ನೀರಿಗಿಳಿಯಬೇಡಿ. ಗೊತ್ತಿದ್ದವರ ಜೊತೆ ಇಳಿಯುವಾಗ ಈ ಮಾತುಗಳು ನೆನಪಿದ್ದರೆ ಸಾಕು.

1. ಕಯದಲ್ಲಿ ಈಜಿದವನಿಗೆ ಹರಿಯುವ ನೀರು ಬೇರೆಯೇ

ಬೇಸಿಗೆಯಲ್ಲಿ ಹೊಳೆಯ ನಿಂತ ನೀರಿನ ಕಯದಲ್ಲಿ ಈಜು ಕಲಿತವನು ನಾನು. ಅದೇ ಧೈರ್ಯದಲ್ಲಿ ಕೋಡಂಚೇರಿಯಲ್ಲಿ ಇಳಿದೆ. ದೋಣಿಯಿಂದ ಬಿದ್ದಾಗ ನೀರು ಮೊಣಕಾಲಿನಷ್ಟೇ ಇತ್ತು. ಸಹಜವಾಗಿ ಎದ್ದು ನಿಂತೆ. ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು, ಹಿಂದಿನಿಂದ ನೀರು ಬೆನ್ನಿಗೆ ಒತ್ತಿ ಮುಂದಕ್ಕೆ ಬಗ್ಗಿಸಿತು, ಮುಖ ನೀರಿನೊಳಗೆ ಹೋಯಿತು. ಕಲಿಸುವವರು ಹಿಂದೆಯೇ ಇದ್ದದ್ದರಿಂದ ಬದುಕಿದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಮೈಮೇಲೆ ಹಾಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನ ನೀರು ಆಳುದ್ದದ ಮನುಷ್ಯನನ್ನು ಮುಳುಗಿಸುವುದು ಹೀಗೆ. ಬಿದ್ದರೆ ಅಂಗಾತ ಮಲಗಬೇಕು, ಕಾಲು ಹರಿವಿನ ದಿಕ್ಕಿಗೆ ಚಾಚಿ ಪಾದಗಳನ್ನು ನೀರಿನ ಮೇಲ್ಮೈಯಲ್ಲೇ ಇಟ್ಟುಕೊಳ್ಳಬೇಕು. ಹರಿವು ಸ್ವಲ್ಪ ತಗ್ಗಿದ ಕೂಡಲೇ ಕವುಚಿಕೊಂಡು ದಡದ ಕಡೆ ಓರೆಯಾಗಿ ಬಲವಾಗಿ ಈಜಬೇಕು. ಕೈಗೆ ತಳ ಸಿಗುವಷ್ಟು ನೀರು ಇಳಿಯುವ ತನಕ ನಿಲ್ಲಬಾರದು.

2. ದೋಣಿ ನಡೆಸುವ ಮೊದಲು ದೋಣಿಯಿಂದ ಹೊರಬರಲು ಕಲಿಯಬೇಕು

ಕಯಾಕ್‌ನಲ್ಲಿ ಕುಳಿತವನ ಸೊಂಟಕ್ಕೆ ಸ್ಪ್ರೇ ಸ್ಕರ್ಟ್ ಎಂಬ ರಬ್ಬರಿನ ಹೊದಿಕೆ ಇರುತ್ತದೆ. ದೋಣಿಯ ಬಾಯಿಗೆ ಅದನ್ನು ಬಿಗಿದರೆ ನೀರು ಒಳಗೆ ಬರುವುದಿಲ್ಲ. ಅದರ ಮುಂಭಾಗದಲ್ಲಿ ಎಳೆದು ಬಿಚ್ಚಲು ಒಂದು ಪಟ್ಟಿ ಉಂಟು. ಒಮ್ಮೆ ಆ ಪಟ್ಟಿಯನ್ನು ಒಳಗೇ ಸೇರಿಸಿ ಬಿಗಿದುಬಿಟ್ಟೆ. ದೋಣಿ ಮಗುಚಿತು. ತಲೆಕೆಳಗಾಗಿ, ಮೂಗಿಗೆ ನೀರು ಹತ್ತುವಾಗ ಕೈ ಪಟ್ಟಿ ಹುಡುಕುತ್ತದೆ, ಸಿಗುವುದಿಲ್ಲ. ಬದಿಯ ರಬ್ಬರನ್ನು ಪರಚಿ ಹೇಗೋ ಬಿಚ್ಚಿಕೊಂಡೆ. ಆಮೇಲೆ ಬಹಳ ದಿನ ಆ ದೋಣಿಯ ಬಳಿ ಹೋಗಲು ಮನಸ್ಸಾಗಲಿಲ್ಲ. ಈಗ ಪ್ರತಿ ಸಲ ಹೊರಡುವ ಮುಂಚೆ ಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ಜೊತೆಗಾರನಿಂದಲೂ ನೋಡಿಸುತ್ತೇನೆ. ಮಗುಚಿದಾಗ ಮೈಯನ್ನು ಮುಂದಕ್ಕೆ ಬಗ್ಗಿಸಿ, ದೋಣಿಯ ತಳಕ್ಕೆ ಕೈಯಿಂದ ಬಡಿದು, ದೋಣಿಯ ಬಾಯಂಚನ್ನು ಸವರುತ್ತಾ ಮುಂದೆ ಹೋಗಿ ಪಟ್ಟಿ ಎಳೆಯಬೇಕು. ನಿಂತ ನೀರಿನಲ್ಲಿ ಇದು ಗಾಬರಿಯಿಲ್ಲದೆ ಆಗುವ ತನಕ ಹರಿಯುವ ನೀರಿಗೆ ಹೋಗಬಾರದು.

3. ತಲೆ ಎಲ್ಲಕ್ಕಿಂತ ಕೊನೆಗೆ ಏಳಬೇಕು

ಮಗುಚಿದ ದೋಣಿಯನ್ನು ಒಳಗೆ ಕುಳಿತೇ ನೇರ ಮಾಡಿಕೊಳ್ಳುವುದಕ್ಕೆ ರೋಲ್ ಎನ್ನುತ್ತಾರೆ. ನನಗೆ ಇದು ಬರಲು ತುಂಬಾ ಕಾಲ ಹಿಡಿಯಿತು. ಉಸಿರು ಬೇಕೆಂಬ ಆತುರದಲ್ಲಿ ಮೊದಲು ತಲೆ ಎತ್ತುತ್ತಿದ್ದೆ, ತಲೆಯ ಭಾರಕ್ಕೆ ದೋಣಿ ಮತ್ತೆ ಮಗುಚುತ್ತಿತ್ತು. ತೋಳಿಗೆ ಬಲ ಸಾಲದೆಂದು ಪ್ಯಾಡಲನ್ನು ಇನ್ನೂ ಜೋರಾಗಿ ಎಳೆದೆ, ಭುಜ ನೋವಾಯಿತು, ಕೆಲಸ ಆಗಲಿಲ್ಲ. ದೋಣಿಯನ್ನು ತಿರುಗಿಸುವುದು ಸೊಂಟ ಮತ್ತು ಮೊಣಕಾಲು. ಪ್ಯಾಡಲ್ ನೀರಿನ ಮೇಲೆ ಒಂದು ಆಸರೆ ಮಾತ್ರ. ಮೊದಲು ಸೊಂಟ, ಆಮೇಲೆ ಮೈ, ಕಡೆಗೆ ತಲೆ. ಕೊಳದಲ್ಲಿ ಬಂದ ರೋಲ್ ರಭಸದ ನೀರಿನಲ್ಲಿ ಮರೆತುಹೋಯಿತು, ಅಲ್ಲಿ ಮತ್ತೆ ಮೊದಲಿಂದ ಕಲಿತೆ. ಹಾಗಾಗಿ ರೋಲ್ ಬರುತ್ತದೆಂಬ ಭರವಸೆಯಲ್ಲಿ ಕಷ್ಟದ ಜಾಗ ಆರಿಸಬಾರದು. ಇಲ್ಲಿ ಈಜಬೇಕಾಗಿ ಬಂದರೆ ಬದುಕುತ್ತೇನೆಯೇ ಎಂದು ಕೇಳಿಕೊಂಡು ಆರಿಸಬೇಕು.

4. ಎಲ್ಲಿ ನಿಲ್ಲುತ್ತೇನೆಂದು ನೋಡಿಟ್ಟು ಹೊರಡಬೇಕು

ದೊಡ್ಡ ಬಂಡೆಯ ಹಿಂದೆ ನೀರು ತಿರುಗಿ ಮೇಲ್ಮುಖವಾಗಿ ಬರುತ್ತದೆ. ಆ ಜಾಗಕ್ಕೆ ಕಯಾಕ್‌ನವರು ಎಡ್ಡಿ ಎನ್ನುತ್ತಾರೆ. ಅಲ್ಲಿ ದೋಣಿ ನಿಲ್ಲಿಸಿ ಉಸಿರೆಳೆದುಕೊಳ್ಳಬಹುದು, ಮುಂದಿನ ತಿರುವು ನೋಡಬಹುದು. ಮೊದಮೊದಲು ನನಗೆ ಬಿಳಿ ನೊರೆ ಮಾತ್ರ ಕಾಣುತ್ತಿತ್ತು, ನಿಲ್ಲುವ ಜಾಗ ಕಾಣುತ್ತಿರಲಿಲ್ಲ. ನೀರು ಕೊಂಡೊಯ್ದಲ್ಲಿಗೆ ಹೋಗುತ್ತಿದ್ದೆ. ಎಡ್ಡಿಯೊಳಗೆ ಹೋಗುವಾಗಲೂ ಬರುವಾಗಲೂ ಎರಡು ಹರಿವು ಕೂಡುವ ಗೆರೆ ದಾಟಬೇಕು, ಅಲ್ಲೇ ಹೆಚ್ಚು ಬಾರಿ ಮಗುಚಿದೆ. ಸೈಕಲ್ ತಿರುಗಿಸುವಾಗ ತಿರುವಿನ ಒಳಕ್ಕೆ ವಾಲುವಂತೆ ಇಲ್ಲಿಯೂ ವಾಲಬೇಕು. ಬಂಡೆಗೆ ಅಡ್ಡಲಾಗಿ ಬಡಿಯುವಂತಾದರೆ ಮನಸ್ಸು ಬಂಡೆಯಿಂದ ದೂರ ವಾಲು ಎನ್ನುತ್ತದೆ. ಹಾಗೆ ವಾಲಿದರೆ ಮೇಲಿನಿಂದ ಬರುವ ನೀರು ದೋಣಿಯ ಅಂಚು ಹಿಡಿದು ಮಗುಚಿ ಬಂಡೆಗೆ ಒತ್ತಿಬಿಡುತ್ತದೆ. ಬಂಡೆಯ ಕಡೆಗೇ ವಾಲಿ, ಅದನ್ನು ತಬ್ಬಿ, ಜರುಗಿಕೊಳ್ಳಬೇಕು.

5. ಕಿಂಡಿ ಅಣೆಕಟ್ಟಿನ ಕೆಳಗಿನ ನೀರನ್ನು ನಂಬಬಾರದು

ನಮ್ಮ ಸೀಮೆಯ ಹೊಳೆಗಳಿಗೆ ಕಿಂಡಿ ಅಣೆಕಟ್ಟುಗಳಿವೆ. ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ, ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ. ನೀರು ತುಂಬಿ ಮೇಲಿನಿಂದ ಸಮನಾಗಿ ಧುಮುಕುವಾಗ ನೋಡಲು ಸಣ್ಣ ಇಳಿಜಾರಷ್ಟೆ. ಇದನ್ನು ಇಳಿಯಬಹುದು ಎಂದು ಗೆಳೆಯನೂ ನಾನೂ ದಡದಲ್ಲಿ ಲೆಕ್ಕ ಹಾಕುತ್ತಿದ್ದೆವು. ತೋಟಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು, “ಆ ಕೊಂಬೆ ನೋಡು ಮಾರಾಯ, ಬೆಳಗ್ಗಿನಿಂದ ಅಲ್ಲೇ ಉಂಟು” ಎಂದರು. ನೋಡಿದೆವು. ಧುಮುಕುವ ನೀರಿನ ಬುಡದಲ್ಲಿ ಹಲಸಿನ ಕೊಂಬೆಯೊಂದು ಕಟ್ಟೆಯ ಕಡೆ ಹೋಗಿ, ಮುಳುಗಿ, ಸ್ವಲ್ಪ ಕೆಳಗೆ ಎದ್ದು, ಮತ್ತೆ ಕಟ್ಟೆಯ ಕಡೆಗೇ ಬರುತ್ತಿತ್ತು. ಪಕ್ಕದಲ್ಲಿ ಒಂದು ತೆಂಗಿನಕಾಯಿಗೂ ಅದೇ ಗತಿ. ಬಿದ್ದ ನೀರು ತಳಕ್ಕೆ ಹೋಗಿ ಮುಂದೆ ಏಳುತ್ತದೆ, ಮೇಲಿನ ನೀರು ಹಿಂದಕ್ಕೆ ಎಳೆಯುತ್ತದೆ. ಗಾಳಿ ತುಂಬಿದ ಆ ನೊರೆಯಲ್ಲಿ ಲೈಫ್ ಜಾಕೆಟ್ ಸಹ ಪೂರ್ತಿ ತೇಲಿಸುವುದಿಲ್ಲ. ಸಹಜವಾದ ಬಂಡೆಗಳ ನಡುವೆ ಎಲ್ಲಾದರೂ ಒಂದು ಸಂದಿ ಇರುತ್ತದೆ. ಮನುಷ್ಯ ಕಟ್ಟಿದ ಕಟ್ಟೆ ದಡದಿಂದ ದಡಕ್ಕೆ ಒಂದೇ ಸಮ, ಹೊರದಾರಿ ಇಲ್ಲ. ಮೇಲ್ಭಾಗವೂ ಅಪಾಯವೇ, ತೆರೆದ ಕಿಂಡಿ ಒಳಕ್ಕೆ ಸೆಳೆಯುತ್ತದೆ. ಅಣೆಕಟ್ಟು ಬಂದರೆ ದೋಣಿ ಹೆಗಲಿಗೆ, ದಾರಿ ದಡದ ಮೇಲೆ.

6. ಬಿದ್ದ ಮರದ ನಡುವೆ ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ

2018ರ ಆಗಸ್ಟ್‌ನಲ್ಲಿ ಸಂಪಾಜೆಯ ಮೇಲಿನ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮಣ್ಣಿನ ಜೊತೆ ಬುಡಸಹಿತ ಮರಗಳೂ ಹೊಳೆಗೆ ಬಂದವು. ಅಂಥ ವರ್ಷ ಅಲ್ಲದಿದ್ದರೂ ಪ್ರತಿ ಮಳೆಗಾಲ ದಡದ ಒಂದಷ್ಟು ಮರ, ಬಿದಿರು ನೀರಿಗೆ ಬೀಳುತ್ತವೆ. ಹಿಂದಿನ ವರ್ಷ ನೋಡಿದ ಹೊಳೆ ಎಂಬ ನಂಬಿಕೆಯಲ್ಲಿ ನಾನೊಮ್ಮೆ ತಿರುವಿನಲ್ಲಿ ಇಳಿದು ನೋಡದೆ ಹೋದೆ. ಹೊಸದಾಗಿ ಬಿದ್ದ ಮರವೊಂದು ಅರ್ಧ ಹೊಳೆಗೆ ಅಡ್ಡವಾಗಿತ್ತು. ಜೊತೆಗಾರ ಸೀಟಿ ಊದಿದ್ದರಿಂದ ಕೊನೆಯ ಗಳಿಗೆಯಲ್ಲಿ ಬದಿಗೆ ಬಂದೆ. ಕೊಂಬೆಗಳೊಳಗೆ ನೀರು ನುಗ್ಗುವ ಜಾಗದಲ್ಲಿ ಸಿಕ್ಕವರನ್ನು ನೀರಿನ ಒತ್ತಡ ಬಿಡುವುದಿಲ್ಲ. ತಪ್ಪಿಸಲಾಗದಿದ್ದರೆ ಆಗ ಮಾತ್ರ ಅಂಗಾತ ಇರಬಾರದು, ತಲೆ ಮುಂದಾಗಿ ಈಜಿ ಮರದ ಮೇಲಕ್ಕೆ ಹತ್ತಬೇಕು. ಕಣ್ಣಿಗೆ ಕಾಣದ ತಿರುವನ್ನು ನಡೆದು ನೋಡುವುದಕ್ಕೆ ಈಗ ಬೇಸರಪಡುವುದಿಲ್ಲ.

7. ಘಟ್ಟದ ಮಳೆಗೆ ನಮ್ಮ ಬಿಸಿಲು ಲೆಕ್ಕವಿಲ್ಲ

ಮಂಡೆಕೋಲಿನಲ್ಲಿ ಬಿಸಿಲಿದ್ದರೂ ಸಂಪಾಜೆಯ ಮೇಲೆ ಮಳೆ ಸುರಿಯುತ್ತಿರಬಹುದು. ಇದು ಊರಿನವರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ಒಂದು ದಿನ ಬಿಸಿಲು ನೋಡಿ ದಡದ ಬಂಡೆಯ ಮೇಲೆ ಬುತ್ತಿ ಬಿಚ್ಚಿದ್ದೆವು. ನೀರು ಕೆಂಪಾಗತೊಡಗಿತು, ಒಣಗಿದ ಎಲೆ, ಕಡ್ಡಿ, ಹಳದಿ ನೊರೆ ತೇಲಿ ಬಂದವು. ನಾನು ಅದನ್ನು ನೋಡಿಯೂ ನೋಡದಂತೆ ಊಟ ಮಾಡುತ್ತಿದ್ದೆ. ಕೂತ ಬಂಡೆಯ ಸುತ್ತ ನೀರು ಬಂದ ಮೇಲೆ ಗಡಿಬಿಡಿಯಲ್ಲಿ ಎದ್ದೆವು. ಆವತ್ತಿನಿಂದ ಇಳಿಯುವ ಮುಂಚೆ ನೀರಿನಂಚಿಗೆ ಒಂದು ಕಡ್ಡಿ ನೆಡುತ್ತೇನೆ, ಆಗಾಗ ಅದನ್ನು ನೋಡುತ್ತೇನೆ. ಕಡ್ಡಿ ಮುಳುಗಿದರೆ ಆ ದಿನದ ಕಯಾಕ್ ಮುಗಿಯಿತು. ಕಾಳಿಯಂಥ ಹೊಳೆಯಲ್ಲಿ ಮಳೆಯೇ ಬೇಕೆಂದಿಲ್ಲ, ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿಗೂ ಮಟ್ಟ ಏರುತ್ತದೆ. ಹೊಳೆಗಳ ಕಷ್ಟವನ್ನು ಒಂದರಿಂದ ಆರರವರೆಗೆ ಎಣಿಸುವ ಅಂತಾರಾಷ್ಟ್ರೀಯ ಕ್ರಮವಿದೆ. ಬೆಳಗ್ಗೆ ಎರಡನೇ ದರ್ಜೆಯಲ್ಲಿದ್ದ ಜಾಗ ಮಧ್ಯಾಹ್ನ ನಾಲ್ಕಕ್ಕೆ ಹೋಗಬಹುದು.

8. ಹಗ್ಗ ಎಸೆಯಲು ಕಲಿತವರು ದಡದಲ್ಲಿ ನಿಂತೇ ಜೀವ ಉಳಿಸಬಲ್ಲರು

ಥ್ರೋ ಬ್ಯಾಗ್ ಎಂದರೆ ಹದಿನೈದಿಪ್ಪತ್ತು ಮೀಟರ್ ತೇಲುವ ಹಗ್ಗ ತುಂಬಿದ ಚೀಲ. ಹಗ್ಗದ ತುದಿ ಹಿಡಿದುಕೊಂಡು ಚೀಲ ಎಸೆಯುವುದು. ಮೊದಲ ಬಾರಿ ನಿಜವಾಗಿ ಬೇಕಾದಾಗ ನಾನು ಎಸೆದ ಚೀಲ ಜೊತೆಗಾರನ ಹಿಂದೆ ಬಿತ್ತು, ಅವನು ತೇಲಿಹೋದ. ಕೆಳಗಿದ್ದವರು ಹಿಡಿದರು. ತುದಿಯನ್ನು ಜಾರದಿರಲೆಂದು ಮಣಿಕಟ್ಟಿಗೆ ಸುತ್ತಿಕೊಂಡಿದ್ದೆ, ಅದು ಇನ್ನೂ ದೊಡ್ಡ ತಪ್ಪು. ಹಗ್ಗವನ್ನು ಯಾವತ್ತೂ ಮೈಗೆ ಕಟ್ಟಿಕೊಳ್ಳಬಾರದು. ಕೂಗಿ ಕರೆದು, ಅವರು ನಮ್ಮನ್ನು ನೋಡಿದ ಮೇಲೆ, ಎದೆಗೆ ಗುರಿಯಿಟ್ಟು ಎಸೆಯಬೇಕು. ಎಳೆತ ಬರುವ ಮುಂಚೆ ಕಾಲೂರಿ ಕೂರಬೇಕು. ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಆಗದಿದ್ದರೆ ದೋಣಿ, ನೀರಿಗೆ ಹಾರುವುದು ಎಲ್ಲಕ್ಕಿಂತ ಕೊನೆಗೆ. ಮುಳುಗುತ್ತಿರುವ ಒಬ್ಬರನ್ನು ಎತ್ತಲು ಹಾರಿ ಇನ್ನೊಬ್ಬರೂ ಹೋದ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ?

ನಮ್ಮ ಮಕ್ಕಳೆಲ್ಲ ಕಯಾಕ್ ಕಲಿಯಬೇಕೆಂದು ನಾನು ಹೇಳುವುದಿಲ್ಲ. ಹಗ್ಗ ಎಸೆಯಲು, ಅಂಗಾತ ತೇಲಲು, ಕಟ್ಟೆಯ ಕೆಳಗೆ ಸುತ್ತುವ ಕೊಂಬೆಯನ್ನು ಗುರುತಿಸಲು ಎಲ್ಲರೂ ಕಲಿಯಬೇಕು. ಬೇಸಿಗೆ ರಜೆಯಲ್ಲಿ ಅವರು ಕಯಕ್ಕೆ ಇಳಿದೇ ಇಳಿಯುತ್ತಾರೆ, ಆದ್ದರಿಂದ ಕಲಿಸುವುದು ರಜೆಗೆ ಮುಂಚೆ ಆಗಬೇಕು. ಹಗ್ಗ ಎಸೆಯುವುದನ್ನು ಶಾಲೆಯ ಮೈದಾನದಲ್ಲೇ ಕಲಿಸಬಹುದು, ಹಗ್ಗ ಕಟ್ಟಿದ ಒಂದು ಖಾಲಿ ಕ್ಯಾನ್ ಇದ್ದರೂ ಆಯಿತು. ಯಾವ ಶಾಲೆಯವರು ಕರೆದರೂ ನನ್ನ ಹಗ್ಗ ತೆಗೆದುಕೊಂಡು ಬರುತ್ತೇನೆ.