ಕಿತ್ತಳೆ, ಮೂಸಂಬಿ ಸಿಪ್ಪೆಯಿಂದ ನಾರು: ಸಣ್ಣ ಉದ್ದಿಮೆದಾರರಿಗೆ ಒಂದು ಲೆಕ್ಕಾಚಾರ

ಮೂಸಂಬಿ ರಸ ತೆಗೆದ ನಂತರ ಹಣ್ಣಿನ ತೂಕದ ಸುಮಾರು ಅರ್ಧದಷ್ಟು ಭಾಗ ಸಿಪ್ಪೆ, ತಿರುಳು, ಬೀಜಗಳ ರೂಪದಲ್ಲಿ ಉಳಿಯುತ್ತದೆ. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯ ರಸದ ಅಂಗಡಿಗಳಲ್ಲಿ ಇದು ಕಸವೆನಿಸಿದರೂ, ಸಿಪ್ಪೆಯ ಒಳಗಿನ ಬಿಳಿಯ ಪದರದಲ್ಲಿ ಪೆಕ್ಟಿನ್ ಮತ್ತು ಸೆಲ್ಯುಲೋಸ್ ಹೇರಳವಾಗಿವೆ. ಒಣ ಸಿಪ್ಪೆಯಲ್ಲಿ ಪೆಕ್ಟಿನ್ ಪ್ರಮಾಣವೇ ಶೇ. 20ರಿಂದ 30ರಷ್ಟಿರುತ್ತದೆ.

ಕೃಷ್ಣರಾಜಪೇಟೆ, ನಾಗಮಂಗಲದ ವರ್ತಕರಿಗೆ ನಾರು ಎಂದೊಡನೆ ನೆನಪಾಗುವುದು ತೆಂಗು. ಸಾವಿರ ಮಟ್ಟೆಗಳಿಂದ ಸುಮಾರು 80 ಕಿಲೋ ನಾರು ದೊರೆಯುತ್ತದೆ. ಮಟ್ಟೆಯನ್ನು ತಿಂಗಳುಗಟ್ಟಲೆ ರಾಶಿ ಹಾಕಿಡಬಹುದು. ಹಣ್ಣಿನ ಸಿಪ್ಪೆ ಹಾಗಲ್ಲ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರಿದ್ದು, ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಹುಳಿಯುತ್ತದೆ. ತೆಂಗಿನ ನಾರು ಹಗ್ಗ, ಚಾಪೆಗಾದರೆ, ಇದು ಬಿಸ್ಕತ್ತು, ಬ್ರೆಡ್, ಜ್ಯಾಮ್ ತಯಾರಕರು ನೀರು ಹಿಡಿದಿಡಲು ಬಳಸುವ ಆಹಾರದ ನಾರು.

ತಯಾರಿಕೆ ಕಠಿಣವಲ್ಲ. ಮೊದಲು ಹೊರ ಪದರದ ಎಣ್ಣೆಯನ್ನು ತೆಗೆಯಬೇಕು. ಅದು ಉಳಿದರೆ ದಾಸ್ತಾನಿನಲ್ಲಿ ಕಮಟು ವಾಸನೆ ಬರುತ್ತದೆ. ತೊಳೆದು ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು 90 ಡಿಗ್ರಿ ಮೀರಿದ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿದರೆ ಪೆಕ್ಟಿನ್ ಕೆಡಿಸುವ ಕಿಣ್ವ ನಿಷ್ಕ್ರಿಯವಾಗುತ್ತದೆ, ಕಹಿಯೂ ತಗ್ಗುತ್ತದೆ. ಎರಡು ಮೂರು ಬಾರಿ ತೊಳೆದು ಹಿಂಡಿ, 60 ಡಿಗ್ರಿ ಮೀರದಂತೆ ಒಣಗಿಸಿ, ಬೀಸಿ, ಜರಡಿ ಹಿಡಿಯಬೇಕು. ಬಿಸಿ ಹೆಚ್ಚಾದರೆ ಪುಡಿ ಕಂದುಗಟ್ಟಿ ಬೆಲೆ ಕಳೆದುಕೊಳ್ಳುತ್ತದೆ. ಫ್ಲಾರಿಡಾದಲ್ಲಿ ಸುಣ್ಣ ಬೆರೆಸಿ ಹಿಂಡುವ ಪದ್ಧತಿಯಿದೆ. ಅದು ಪಶು ಆಹಾರಕ್ಕೇ ಹೊರತು ಇದಕ್ಕಲ್ಲ.

ಪೆಕ್ಟಿನ್ ಅನ್ನೇ ಬೇರ್ಪಡಿಸಲು ಹುಳಿ ದ್ರಾವಣದಲ್ಲಿ ಕುದಿಬಿಸಿಯ ಸಮೀಪ ಕಾಯಿಸಿ, ಸೋಸಿ, ಆಲ್ಕೊಹಾಲ್‌ನಿಂದ ಗಟ್ಟಿಗೊಳಿಸಬೇಕಾಗುತ್ತದೆ. ಸ್ಪಿರಿಟ್ ದಾಸ್ತಾನಿಗೆ ಅಬಕಾರಿ ಅನುಮತಿ ಬೇಕು, ಬೆಂಕಿಯ ಭಯವೂ ಉಂಟು. ಸಣ್ಣ ಬಂಡವಾಳದವರು ಇದರಿಂದ ಆರಂಭಿಸದಿರುವುದೇ ಲೇಸು.

ನಿಜವಾದ ತೊಡಕು ಕಚ್ಚಾವಸ್ತುವಿನದು. ಈ ನಾಲ್ಕೂ ತಾಲ್ಲೂಕುಗಳು ಮುಖ್ಯವಾಗಿ ಕಬ್ಬು, ಭತ್ತ, ರಾಗಿ, ತೆಂಗಿನ ಸೀಮೆ. ಒಂದು ಅಂಗಡಿ ದಿನಕ್ಕೆ 50 ಕಿಲೋ ಹಣ್ಣು ಹಿಂಡುತ್ತದೆಂದು ಭಾವಿಸಿದರೆ ದೊರೆಯುವ ಸಿಪ್ಪೆ 25 ಕಿಲೋ. ಒಣಗಿದಾಗ 5 ಕಿಲೋ. ಸಕ್ಕರೆ ತೊಳೆದುಹೋದ ಮೇಲೆ ಉಳಿಯುವ ನಾರು ಹೆಚ್ಚೆಂದರೆ 3 ಕಿಲೋ. ಹತ್ತು ಅಂಗಡಿ ಸುತ್ತಿದರೂ 30 ಕಿಲೋ. ಆಟೋ ಬಾಡಿಗೆ, ಸೌದೆ ಖರ್ಚು ಇದರಲ್ಲೇ ಹುಟ್ಟಬೇಕು. ಆದ್ದರಿಂದ ಮೈಸೂರು, ಮಂಡ್ಯದ ರಸ ಮತ್ತು ಉಪ್ಪಿನಕಾಯಿ ತಯಾರಕರೊಡನೆ ಸಿಪ್ಪೆಯ ಒಪ್ಪಂದ ಮಾಡಿಕೊಳ್ಳದೆ ಯಂತ್ರ ಕೊಳ್ಳುವುದು ಸರಿಯಲ್ಲ. ಪಾಂಡವಪುರದ ಆಲೆಮನೆಯವರು ಕಬ್ಬಿನ ಸಿಪ್ಪೆಯನ್ನೇ ಉರುವಲಾಗಿ ಬಳಸುವುದರಿಂದ, ಅಂಥ ಕಡೆ ಒಣಗಿಸುವ ವೆಚ್ಚ ಇಳಿಯಬಹುದು.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶ್ರೀರಂಗಪಟ್ಟಣಕ್ಕೆ ಹತ್ತಿರದಲ್ಲೇ ಇರುವುದು ಇಲ್ಲಿನವರ ಅನುಕೂಲ. ಮಾದರಿಯ ತೇವಾಂಶ, ಕೀಟನಾಶಕ ಶೇಷಗಳ ಪರೀಕ್ಷಾ ವರದಿಯಿಲ್ಲದೆ ಬೇಕರಿಯವರು ಖರೀದಿಸಲಾರರು. ಆಹಾರ ಸುರಕ್ಷತಾ ಪರವಾನಗಿಯೂ ಕಡ್ಡಾಯ. ತೊಳೆದ ನೀರಿನಲ್ಲಿ ಸಕ್ಕರೆಯಿರುವುದರಿಂದ ಅದು ಬೇಗನೆ ಕೊಳೆತು ನಾರುತ್ತದೆ. ಅದನ್ನು ವಿಶ್ವೇಶ್ವರಯ್ಯ ನಾಲೆಗೆ ಬಿಡುವಂತಿಲ್ಲ. ಶುದ್ಧೀಕರಣದ ತೊಟ್ಟಿಯ ಖರ್ಚನ್ನು ಯೋಜನಾ ವರದಿಯಲ್ಲಿ ಮೊದಲೇ ಸೇರಿಸಿರಬೇಕು.