ಜ್ವರವಿಲ್ಲ, ಕೆಮ್ಮಿಲ್ಲ, ಮತ್ತೇಕೆ ಈ ಮಾತ್ರೆ?



ಸೂರತ್‌ನಲ್ಲಿ ದಾನವಾದ ಹೃದಯ ವಿಮಾನದಲ್ಲಿ ಅಹಮದಾಬಾದ್ ತಲುಪಿದ ಸುದ್ದಿ ನೀವು ಓದಿರಬಹುದು. ಅಹಮದಾಬಾದ್ ಸಿವಿಲ್ ಆಸ್ಪತ್ರೆ ಆವರಣದಲ್ಲಿ ಡಾ. ಎಚ್.ಎಲ್. ತ್ರಿವೇದಿ ಕಟ್ಟಿದ ಕಿಡ್ನಿ ಸಂಸ್ಥೆಯ ಹೆಸರಂತೂ ಎಲ್ಲರಿಗೂ ಗೊತ್ತು. ಹೀಗೆ ಅಂಗ ಕಸಿ ಮಾಡಿಸಿಕೊಂಡವರ ಚೀಟಿಯಲ್ಲಿ ದುಬಾರಿ ಔಷಧಿಗಳ ನಡುವೆ ಒಂದು ಅಗ್ಗದ ಮಾತ್ರೆ ಇರುತ್ತದೆ: ಕೋ-ಟ್ರೈಮಾಕ್ಸಜೋಲ್. ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂದರೆ ಅದೇ. "ಆರಾಮಾಗಿದ್ದೀನಲ್ಲ" ಎಂದು ರೋಗಿಗಳು ತಾವಾಗಿಯೇ ಬಿಡುವ ಮಾತ್ರೆಯೂ ಇದೇ.

ಬಿಡಬೇಡಿ. ನ್ಯೂಮೋಸಿಸ್ಟಿಸ್ ಎಂಬ ಶಿಲೀಂಧ್ರ ಗಾಳಿಯಲ್ಲಿ ಬಂದು ಚಿಕ್ಕಂದಿನಲ್ಲೇ ನಮ್ಮಲ್ಲಿ ಹೆಚ್ಚಿನವರ ಶ್ವಾಸಕೋಶ ಹೊಕ್ಕಿರುತ್ತದೆ. ಗಟ್ಟಿ ಇರುವವರಿಗೆ ಏನೂ ಮಾಡದು. ರೋಗನಿರೋಧಕ ಶಕ್ತಿ ಕುಗ್ಗಿದಾಗ ನ್ಯುಮೋನಿಯಾ ತರುತ್ತದೆ. ಒಣಕೆಮ್ಮು, ಸಣ್ಣ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ತೊಂದರೆ ಎಂದುಕೊಂಡು ನಮ್ಮ ಬಳಿ ಬರುವವರೂ ಉಂಟು. ಆರಂಭದಲ್ಲಿ ಎಕ್ಸ್-ರೇ ಸರಿಯಾಗಿಯೇ ಕಾಣಬಹುದು, ಅದನ್ನು ನೋಡಿ ನಿರಾಳರಾಗಬೇಡಿ.

ಈ ಮಾತ್ರೆ ಮುಂಚಿತವಾಗಿ ಕೊಟ್ಟರೆ ಕಾಯಿಲೆ ಬರುವುದೇ ತಪ್ಪುತ್ತದೆ ಎಂದು 1977ರಲ್ಲಿ ಅಮೆರಿಕದ ಡಾ. ವಾಲ್ಟರ್ ಹ್ಯೂಸ್ ರಕ್ತ ಕ್ಯಾನ್ಸರ್‌ನ ಮಕ್ಕಳಲ್ಲಿ ತೋರಿಸಿದರು. ಇಂದು ಕಸಿಯಾದವರಿಗೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಕೊಡುತ್ತೇವೆ. ಎಚ್‌ಐವಿ ಇದ್ದು ಸಿಡಿ4 ಇಳಿದವರಿಗೂ ಬೇಕು. ತಿಂಗಳುಗಟ್ಟಲೆ ದಿನಕ್ಕೆ 20 ಮಿ.ಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಿಯನ್ನೂ ತಿನ್ನುವವರು ವೈದ್ಯರನ್ನು ಕೇಳಿ. ಬರೀ ಸಕ್ಕರೆ ಕಾಯಿಲೆಗೆ, ಆಸ್ತಮಾ ಇನ್ಹೇಲರ್‌ಗೆ ಬೇಕಿಲ್ಲ.

ಇನ್ನು ಹೃದಯ ವೈದ್ಯನಾಗಿ ನನ್ನ ಮುಖ್ಯ ಮಾತು. ಈ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತದೆ. ಬಿಪಿ, ಹೃದಯಕ್ಕೆಂದು ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪಿರೊನೊಲ್ಯಾಕ್ಟೋನ್ ಕೂಡ ಏರಿಸುತ್ತವೆ. ಎರಡೂ ಸೇರಿದರೆ, ಅದರಲ್ಲೂ ವಯಸ್ಸಾದವರಲ್ಲಿ, ಕಿಡ್ನಿ ಸೋತವರಲ್ಲಿ, ಎದೆಬಡಿತ ದಿಢೀರ್ ತಪ್ಪಬಹುದು. ಮೇಲೆ ಎಳನೀರು, "ಲೋ ಸೋಡಿಯಂ" ಉಪ್ಪು! ಆ ಉಪ್ಪಿನಲ್ಲಿರುವುದು ಪೊಟ್ಯಾಸಿಯಂ. ಮಾತ್ರೆ ಶುರುವಾದ ಒಂದೆರಡು ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ವಾಲ್ವ್ ಹಾಕಿಸಿಕೊಂಡು ವಾರ್ಫರಿನ್ ತಿನ್ನುವವರಲ್ಲಿ ರಕ್ತ ಅತಿಯಾಗಿ ತೆಳುವಾಗುತ್ತದೆ, ಐಎನ್‌ಆರ್ ಬೇಗ ನೋಡಿಸಿ. ಮೆಥೊಟ್ರೆಕ್ಸೇಟ್ ತಿನ್ನುವವರು ಕೇಳದೆ ಮುಟ್ಟಲೇಬೇಡಿ.

ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಎದ್ದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಲ್ಲಿಗೆ ಹೋಗಿ. ಸಲ್ಫಾ ಅಲರ್ಜಿ ಇದ್ದವರಿಗೆ ಡ್ಯಾಪ್ಸೋನ್ ಇದೆ. ಅದಕ್ಕೆ ಮೊದಲು ಜಿ6ಪಿಡಿ ಪರೀಕ್ಷೆ ಆಗಬೇಕು. ಮುಂದಿನ ಸಲ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಒಯ್ದು ತೋರಿಸಿ.