ಪರಿಮಾಣ ವ್ರತವೂ ಲೋಕದ ಮಾತೂ

ಗೃಹಸ್ಥನ ಪಂಚಾಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಭೂಮಿ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಬಟ್ಟೆ, ಪಾತ್ರೆ ಮುಂತಾದವುಗಳಲ್ಲಿ ತನಗೆ ಇಷ್ಟು ಸಾಕೆಂದು ಎಲ್ಲೆ ಕಟ್ಟಿಕೊಂಡು, ಅದನ್ನು ಮೀರಿದ ವಸ್ತುಗಳಲ್ಲಿ ಇಚ್ಛೆಯನ್ನು ತ್ಯಜಿಸುವುದೇ ಈ ವ್ರತದ ಸ್ವರೂಪ. ಇದಕ್ಕೆ ಬೇಲಿಯಂತೆ ಭೋಗೋಪಭೋಗ ಪರಿಮಾಣ ವ್ರತವಿದೆ. ಅನ್ನ, ತಾಂಬೂಲ, ಹೂವುಗಳಂತೆ ಒಮ್ಮೆ ಅನುಭವಿಸಿದೊಡನೆ ಮುಗಿಯುವುದು ಭೋಗ; ವಸ್ತ್ರ, ಆಭರಣ, ಹಾಸಿಗೆ, ವಾಹನಗಳಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿಯೂ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ವ್ರತಗಳನ್ನು ನಿರೂಪಿಸಿದ್ದಾರೆ.

ಇವುಗಳ ಹೆಸರು ಬಲ್ಲವರು ಅನೇಕರು, ಆಚರಿಸುವವರು ವಿರಳ. ಅದಕ್ಕೆ ಕಾರಣ ವ್ರತದ ಕಾಠಿಣ್ಯವಲ್ಲ, ಲೋಕಾಪವಾದದ ಭಯ. ಅಷ್ಟಾಹ್ನಿಕ ಪರ್ವದಲ್ಲಿ 8 ದಿನ ಉಪವಾಸ ಮಾಡಿದವರನ್ನು ಸಮಾಜವು ಕೊಂಡಾಡುತ್ತದೆ. ಹಳೆಯ ವಾಹನದಲ್ಲಿಯೇ 8 ವರ್ಷ ಓಡಾಡಿದ ಗೃಹಸ್ಥನನ್ನು ಅದೇ ಸಮಾಜವು ಜಿಪುಣನೆಂದು ಹೆಸರಿಸುತ್ತದೆ. ಉಪವಾಸವು ಎಲ್ಲರ ಕಣ್ಣಿಗೂ ಧರ್ಮವಾಗಿ ಕಾಣುತ್ತದೆ. ಮಿತವ್ಯಯವು ಧರ್ಮವಾಗಿ ಕಾಣುವುದಿಲ್ಲ. ಹೀಗಾಗಿ ಹಸಿವನ್ನು ಗೆದ್ದವನು ಕೂಡ ನೆಂಟರ ಒಂದು ಮಾತಿಗೆ ಸೋಲುತ್ತಾನೆ.

ಇಂದಿನ ಕಾಲ ಈ ಸೋಲನ್ನು ಸುಲಭಗೊಳಿಸಿದೆ. ಅಂಗೈಯಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಅಂಗಡಿ ತೆರೆದಿರುತ್ತದೆ. ಕೈಯಲ್ಲಿ ಹಣವಿಲ್ಲದಿದ್ದರೆ ಕಂತಿನ ಸಾಲ ದೊರೆಯುತ್ತದೆ. ಬೇಕು ಎನ್ನುವ ಭಾವ ಹುಟ್ಟುವುದು ಮಾತ್ರ ಬಹುಪಾಲು ಪಕ್ಕದ ಮನೆಯನ್ನು ನೋಡಿ. ಪರಿಗ್ರಹ ಪರಿಮಾಣಕ್ಕೆ ಸಮಂತಭದ್ರಾಚಾರ್ಯರು ಹೇಳುವ ಐದು ಅತಿಚಾರಗಳಲ್ಲಿ ವಿಸ್ಮಯವೂ ಒಂದು. ಪರರ ಲಾಭವನ್ನೂ ವೈಭವವನ್ನೂ ಕಂಡು ಬೆರಗಾಗಿ, ಒಳಗೊಳಗೇ ವಿಷಾದಪಡುವುದೇ ಆ ದೋಷ. ವಸ್ತುವನ್ನು ಕೊಳ್ಳದಿದ್ದರೂ ಈ ದೋಷ ತಗುಲುತ್ತದೆ. ವಸ್ತುವಿನಲ್ಲಿರುವ ಮೂರ್ಛೆಯೇ, ಅಂದರೆ ಮಮತ್ವವೇ ಪರಿಗ್ರಹವೆಂಬ ಸಿದ್ಧಾಂತದ ಮರ್ಮ ಇಲ್ಲಿದೆ.

ಹಾಗಾದರೆ ಗೃಹಸ್ಥನು ಎಲ್ಲಿಂದ ಆರಂಭಿಸಬೇಕು? ತ್ಯಾಗದಲ್ಲಿ ಯಮ, ನಿಯಮ ಎಂಬ ಎರಡು ಭೇದಗಳಿವೆ. ಜೀವಾವಧಿಯ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಮಾಸ, ಋತು, ಅಯನ ಹೀಗೆ ಶಕ್ತಿಯನ್ನು ಅನುಸರಿಸಿ ಅವಧಿ ಇಟ್ಟುಕೊಳ್ಳಲು ಆಚಾರ್ಯರು ಅವಕಾಶವಿತ್ತಿದ್ದಾರೆ. ಒಬ್ಬ ಗೃಹಿಣಿ ಉತ್ತರಾಯಣದ 6 ತಿಂಗಳು ಹೊಸ ಸೀರೆ ಕೊಳ್ಳುವುದಿಲ್ಲವೆಂದು ನಿಯಮ ಹಿಡಿದಳೆಂದು ಭಾವಿಸೋಣ. ಮದುವೆಗಳು ಹೆಚ್ಚಾಗಿ ನಡೆಯುವ ಕಾಲವೂ ಅದೇ. ಎರಡು ಮದುವೆಗಳಲ್ಲಿ ಒಂದೇ ಸೀರೆ ಕಂಡಾಗ ನಾದಿನಿ, ಓರಗಿತ್ತಿಯರು ಕೇಳದೆ ಬಿಡುವುದಿಲ್ಲ. ನಾಚಿಕೆಯಿಂದ ಆಕೆ “ಅಂಗಡಿಗೆ ಹೋಗಲು ಬಿಡುವಾಗಲಿಲ್ಲ” ಎಂದರೆ ಪರಿಗ್ರಹ ಪರಿಮಾಣ ಉಳಿದು ಸತ್ಯಾಣುವ್ರತ ಕೆಡುತ್ತದೆ. “ಬಟ್ಟೆಯ ಮೇಲೆ ನಿಮಗಿಷ್ಟು ಮೋಹವೇಕೆ?” ಎಂದರೆ ಮಾನಕಷಾಯ ತಲೆಯೆತ್ತುತ್ತದೆ. “ಸಂಕ್ರಮಣದಿಂದ ನಿಯಮ ಹಿಡಿದಿದ್ದೇನೆ ಅಕ್ಕ, ಇದೇ ಸೀರೆ ಸಾಕು” ಎಂದು ನಗುತ್ತಾ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಸತ್ಯವೂ ಸೌಜನ್ಯವೂ ಕೂಡಿದ ಚಿಕ್ಕ ಉತ್ತರವೇ ವ್ರತಿಗೆ ರಕ್ಷೆ.

ಅಷ್ಟಾದ ಮೇಲೂ ಆಡಿಕೊಳ್ಳುವವರು ಆಡಿಕೊಂಡರೆ? ಕರ್ಮಸಿದ್ಧಾಂತವನ್ನು ನೆನೆಯಬೇಕು. ಯಶಃಕೀರ್ತಿ, ಅಯಶಃಕೀರ್ತಿ ಎಂಬಿವು ನಾಮಕರ್ಮದ ಪ್ರಕೃತಿಗಳು. ಉದಯಕ್ಕೆ ಬಂದುದನ್ನು ಸಮತೆಯಿಂದ ಸಹಿಸಿದರೆ ಅದು ಫಲಕೊಟ್ಟು ಕಳಚುತ್ತದೆ. ಕೋಪಗೊಂಡರೆ ಹಳೆಯ ಸಾಲ ತೀರಿಸಲು ಹೋಗಿ ಹೊಸ ಸಾಲ ತಂದಂತಾಗುತ್ತದೆ. ಪರನಿಂದೆ, ಆತ್ಮಪ್ರಶಂಸೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂಬುದನ್ನು ವ್ರತ ಹಿಡಿದವನು ಮೊದಲು ತನಗೆ ಅನ್ವಯಿಸಿಕೊಳ್ಳಬೇಕು. ಎಂಟು ಮದಗಳಲ್ಲಿ ತಪೋಮದವೂ ಸೇರಿದೆ. ತಾನು ಸರಳ, ಉಳಿದವರು ಭೋಗಿಗಳು ಎಂದು ಎಣಿಸುವವನು ಬಂಗಾರವನ್ನು ಬಿಟ್ಟು ಅಹಂಕಾರವನ್ನು ಕೂಡಿಟ್ಟಿದ್ದಾನೆ. ತನ್ನ ನಿಯಮವನ್ನು ಹೆಂಡತಿ ಮಕ್ಕಳ ಮೇಲೆ ಬಲವಂತವಾಗಿ ಹೇರುವುದೂ ಸಲ್ಲದು. ಸ್ವೇಚ್ಛೆಯಿಂದ ಹಿಡಿದುದು ಮಾತ್ರ ವ್ರತ.

ಇನ್ನೊಂದು ಎಚ್ಚರ ಅಗತ್ಯ. ಜಿಪುಣನೆಂಬ ಮಾತು ಕೆಲವೊಮ್ಮೆ ನಿಜವೂ ಆಗಿರಬಹುದು. ಮಿತವ್ಯಯಿಯೂ ಲೋಭಿಯೂ ಹೊರಗಿನಿಂದ ಒಂದೇ ರೀತಿ ಕಾಣುತ್ತಾರೆ. ಇಬ್ಬರ ಅಂಗಿಯೂ ಹಳೆಯದೇ. ಅವರನ್ನು ಬೇರ್ಪಡಿಸುವುದು ದಾನ. ಉಳಿದ ಹಣ ಆಹಾರ, ಔಷಧ, ಶಾಸ್ತ್ರ, ಅಭಯದಾನಗಳಿಗೆ ಹರಿದರೆ ಅದು ವ್ರತ. ಪೆಟ್ಟಿಗೆಯಲ್ಲಿಯೇ ಬೆಳೆದರೆ ಅದು ಲೋಭ. ಈ ವಿವೇಕಕ್ಕೆ ಕನ್ನಡ ನಾಡಿನ ಉಜ್ವಲ ನಿದರ್ಶನ ದಾನಚಿಂತಾಮಣಿ ಅತ್ತಿಮಬ್ಬೆ. ಪತಿ ನಾಗದೇವನ ಮರಣಾನಂತರ ಆಕೆ ವ್ರತ ಉಪವಾಸಗಳ ಕಠಿಣ ಜೀವನವನ್ನು ಆರಿಸಿಕೊಂಡಳು. ಅದೇ ಕೈಯಿಂದ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಜಿನಾಲಯ ಕಟ್ಟಿಸಿದಳು. ಆಕೆಯ ದಾನವನ್ನು ಸಾರುವ ಲಕ್ಕುಂಡಿಯ ಶಾಸನದ ಕಾಲ ಕ್ರಿ.ಶ. 1007. ತನಗೆ ಮಿತ, ಧರ್ಮಕ್ಕೆ ಅಮಿತ ಎಂಬುದೇ ಆಕೆಯ ಬಾಳಿನ ಲೆಕ್ಕ.

ವ್ರತಗಳ ಉದ್ಯಾಪನೆಯಲ್ಲಿಯೂ ಈ ವಿವೇಕ ಬೇಕು. ನಾಲ್ವರು ಏನೆಂದಾರೋ ಎಂಬ ಅಂಜಿಕೆಯಿಂದ ಸಾಲ ಮಾಡಿ ಊಟ, ಉಡುಗೊರೆ, ಮಂಟಪಗಳಿಗೆ ಸುರಿಯುವ ಕುಟುಂಬಗಳಿವೆ. ಉದ್ಯಾಪನೆಗೆ ಶಕ್ತಿ ಇಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬೇಕೆಂದು ನಮ್ಮ ವ್ರತಕಥೆಗಳು ವಿಧಿಸುತ್ತವೆ. ಅಲ್ಲಿ ಬಡವನಿಗೆ ಅವಮಾನವಿಲ್ಲ, ಸಾಲಕ್ಕೆ ಆಸ್ಪದವಿಲ್ಲ. ಹಣದ ಜಾಗದಲ್ಲಿ ಭಾವವನ್ನು ಇಡುವ ದಾರಿಯನ್ನು ಪೂರ್ವಿಕರು ತೆರೆದಿಟ್ಟಿರುವಾಗ, ಸರಳವಾಗಿ ಉದ್ಯಾಪನೆ ಮಾಡಿದವರನ್ನು ಹಗುರವಾಗಿ ನುಡಿಯುವುದು ಆ ವಿಧಿಯನ್ನೇ ಹಗುರಗೊಳಿಸಿದಂತೆ. ಟೀಕೆಯನ್ನು ಸಹಿಸುವುದು ವ್ರತಿಯ ಕರ್ತವ್ಯವಾದರೆ, ಟೀಕಿಸದಿರುವುದು ಉಳಿದ ಶ್ರಾವಕರ ಕರ್ತವ್ಯ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು:

1. ಭೋಗ, ಉಪಭೋಗಗಳಿಗೆ ನಿಮ್ಮ ಮನೆಯಿಂದಲೇ ಐದೈದು ಉದಾಹರಣೆ ಕೊಡಿರಿ.

2. ಕಳೆದ ಒಂದು ವರ್ಷದಲ್ಲಿ ಕೊಂಡ ವಸ್ತುಗಳಲ್ಲಿ ಅವಶ್ಯಕತೆಗಾಗಿ ಕೊಂಡವು ಯಾವುವು, ಪರರ ಕಣ್ಣಿಗಾಗಿ ಕೊಂಡವು ಯಾವುವು?

3. ಮುಂದಿನ ಒಂದು ಪಕ್ಷಕ್ಕೆ ಮನೆಯ ಪ್ರತಿಯೊಬ್ಬರೂ ಸ್ವಇಚ್ಛೆಯಿಂದ ಹಿಡಿಯಬಹುದಾದ ಒಂದು ನಿಯಮ ಯಾವುದು? ಅದರಿಂದ ಉಳಿದ ಹಣವು ಯಾವ ದಾನಕ್ಕೆ ಸಲ್ಲಬೇಕು?